ಎಡಗಡೆಯ ಹಿಂದಿನ ಚಕ್ರ

ಹೇಜಲ್,

ಶುಕ್ರವಾರ ಅಪ್ಪನ ಶವಪೆಟ್ಟಿಗೆಯ ಹಿಂದೆ ಅವರ ಹಳೆಯ ಹಸಿರು ಕಾರಿನಲ್ಲೇ ಹೋಗೋಣ ಎಂದೆಯಲ್ಲ, ಅದರ ಎಡಗಡೆಯ ಹಿಂದಿನ ಚಕ್ರ ಮತ್ತೆ ನೆಲ ಕಚ್ಚಿದೆ. ಟೈರ್ ಅಂಗಡಿಗೆ ಒಯ್ಯಬೇಡ. "ಟ್ಯೂಬಾ? ಇನ್ನೂ ಇಟ್ಕೊಂಡಿದೀರಾ?" ಎಂದು ನಗುತ್ತಾರೆ.

ಬೆಳಿಗ್ಗೆ ನಾನೇ ಟೈರ್ ಬಿಚ್ಚಿದೆ. ಟ್ಯೂಬಿನ ತೂತು ಇರುವುದು ರಸ್ತೆಯ ಕಡೆಗಲ್ಲ, ಒಳಗೆ ಸ್ಪೋಕುಗಳ ಕಡೆಗೆ. ಟ್ಯೂಬಿಗೆ ಚುಚ್ಚದಿರಲೆಂದು ರಿಮ್ಮಿಗೆ ಸುತ್ತಿದ ರಬ್ಬರ್ ಪಟ್ಟಿಯನ್ನೂ ಕೊರೆದು ಒಂದು ಸ್ಪೋಕಿನ ತುದಿ ಮೇಲೆದ್ದಿದೆ.

ಪಟ್ಟಿ, ಟ್ಯೂಬ್ ಹಾಕುವ ಮೊದಲು ಅಪ್ಪ ರಿಮ್ಮಿನ ಸುತ್ತ ಹೆಬ್ಬೆರಳು ಆಡಿಸಿ ನೋಡುತ್ತಿದ್ದರಲ್ಲ. ಏಪ್ರಿಲ್‌ನಲ್ಲೂ ನೋಡಿದ್ದರು. "ಬೆಣ್ಣೆ ಹಂಗಿದೆ ಕಣೇ" ಅಂದಿದ್ದರು. ಔಷಧಿಯಿಂದ ಅವರ ಬೆರಳುಗಳು ಆಗಲೇ ಮರಗಟ್ಟಿದ್ದವು ಎಂದು ನರ್ಸ್ ನನಗೆ ಹೇಳಿದ್ದು ಈ ಸೋಮವಾರ, ಎಲ್ಲ ಮುಗಿದ ಮೇಲೆ. ಪಟ್ಟಿಯ ಕೆಳಗೆ ಒಣಗಿದ ರಕ್ತದ ಕಲೆ ಇದೆ. ಅವತ್ತು ಬೆರಳಿಗೆ ಸುತ್ತಿದ್ದ ಬಟ್ಟೆ ನೋಡಿ ಕೇಳಿದ್ದಕ್ಕೆ "ಗುಲಾಬಿ ಮುಳ್ಳು" ಎಂದಿದ್ದರು. ಆ ಗಿಡದ ತಂಟೆಗೆ ಹೋಗಬೇಡಿ ಎಂದು ಬೈದಿದ್ದೆ.

ನಾನು ಪಾದ್ರಿಯವರ ಹತ್ತಿರ ಹೋಗುತ್ತಿದ್ದೇನೆ, ಶುಕ್ರವಾರದ ಹಾಡುಗಳನ್ನು ಗೊತ್ತು ಮಾಡಬೇಕು. ಪಕ್ಕದ ಮನೆಯ ಮೇವಿಸ್ ಮತ್ತೆ ಕುರಿಮಾಂಸದ ಪೈ ಕೊಟ್ಟಿದ್ದಾಳೆ, ಇದು ನಾಲ್ಕನೆಯದು. ತಿನ್ನು, ಇಲ್ಲವೇ ನಾಯಿಗೆ ಹಾಕು.

ಕಬ್ಬಿಣ ಉಜ್ಜುವ ಅರ ಅಪ್ಪನ ಡಬ್ಬದಲ್ಲಿದೆ. ಆ ತುದಿಯನ್ನು ಉಜ್ಜಿ, ಹೊಸ ಪಟ್ಟಿ ಹಾಕು. ಟ್ಯೂಬಿನ ತೂತು ಮುಚ್ಚಿ, ಅದಕ್ಕೆ ಟಾಲ್ಕಮ್ ಪೌಡರ್ ಸವರುವುದನ್ನು ಮರೆಯಬೇಡ. ಚಕ್ರ ಬಿಗಿಯುವಾಗ ನಡುವಿನ ನಟ್ಟಿಗೆ ತಾಮ್ರದ ಸುತ್ತಿಗೆಯಿಂದಲೇ ಹೊಡೆ, ಬೇರೆಯದರಿಂದ ಹೊಡೆದರೆ ಅಪ್ಪ ಎದ್ದು ಬಂದಾರು.

ಪಟ್ಟಿ ಹಾಕುವ ಮೊದಲು ರಿಮ್ಮಿನ ಸುತ್ತ ನೀನೇ ಬೆರಳು ಆಡಿಸಿ ನೋಡು. ನಾನು ಎರಡು ಸಲ ಆಡಿಸಿದೆ, ನುಣ್ಣಗಿದೆ ಎಂದುಕೊಂಡೆ. ಆಮೇಲೆ ನೋಡಿದರೆ ನನ್ನ ಬೆರಳೂ ಕೊಯ್ದುಹೋಗಿತ್ತು, ನೋವೇ ಗೊತ್ತಾಗಿರಲಿಲ್ಲ.

ಅಮ್ಮ