ಲೆಸ್ಟರ್ ಕ್ವಿಲ್‌ನ ಮೂರು ಇನ್ನಿಂಗ್ಸ್

ಜೂನ್ 9, 1987. ಮಂಗಳವಾರ

ಬೇಸ್‌ಬಾಲ್ ಲೀಗಿನ ಕಚೇರಿ. ಹಳೆಯ ಸ್ಕೋರ್ ಪುಸ್ತಕ, ಧೂಳು, ಸೀನು. ಐವತ್ತನೇ ವರ್ಷದ ಪುಸ್ತಕಕ್ಕೆ ಪ್ರತಿ ಪಿಚ್ಚರ್‌ನ, ಅಂದರೆ ಚೆಂಡೆಸೆಯುವವನ, ಇಡೀ ಆಟದ ಬದುಕಿನ ಲೆಕ್ಕ ತೆಗೆದು ಪಕ್ಕದಲ್ಲಿ ಲೀಗಿನ ಸರಾಸರಿ ಬರೆಯುವ ಕೆಲಸ. ಇವತ್ತು ನಮ್ಮಜ್ಜ ಡೇಡಾನ ಸರದಿ. ಅನ್ಸೆಲ್ ಹ್ರುಸ್ಕಾ: ಒಂಬತ್ತು ಇನ್ನಿಂಗ್ಸಿಗೆ ಬಿಟ್ಟ ರನ್ 2.22. ಲೀಗ್: 3.00. ಕಡಿಮೆ ಇದ್ದಷ್ಟೂ ಮೇಲು. ಎದೆ ಉಬ್ಬಿತು.

ನಮ್ಮ ಲೆಕ್ಕ ತಿದ್ದುವ ಮಿಸೆಸ್ ಪೋಸ್ಪಿಶಿಲ್‌ಗೆ ಮತ್ತೆ ಜಂಬ. "ಮೂವತ್ತು ವರ್ಷದಲ್ಲಿ ನನ್ನ ಕಣ್ತಪ್ಪಿಸಿ ಒಂದು ಅಂಕಿ ಹೋಗಿಲ್ಲ ಕಣೆ ಲೀಡಾ."

ಸವಾಲು ಸ್ವೀಕೃತ. ಮಧ್ಯಾಹ್ನ ಎರಡು ಗಂಟೆಗೆ ಶ್ರೀಯುತ ಲೆಸ್ಟರ್ ಕ್ವಿಲ್ ಅವರು ಜನಿಸಿದರು. ಜನ್ಮಸ್ಥಳ, ನನ್ನ ಪೆನ್ಸಿಲ್. ಮೂರು ಇನ್ನಿಂಗ್ಸ್, ಒಂದು ರನ್. ಅಂದರೆ 3.00. ಸರಾಸರಿಯ ಮನುಷ್ಯ ಬಂದು ಸೇರಿದರೆ ಸರಾಸರಿ ಅಲುಗುವುದಿಲ್ಲ... ಹಿಡಿಯುವುದು ಹೇಗೆ?

ಆದರೆ ಪಂದ್ಯಕ್ಕೆ ಇನ್ನಿಂಗ್ಸ್ ಒಂಬತ್ತೇ. ಯಾರದಾದರೂ ಕಳೆಯಬೇಕು. ಡೇಡಾ ಬೈಯುವವನಲ್ಲ. 1952ರ ಆಗಸ್ಟ್ 24ರ ಪಂದ್ಯದಲ್ಲಿ ಅವನ ಮೊದಲ ಮೂರನ್ನು ತೆಗೆದು ಲೆಸ್ಟರ್‌ಗೆ ಕೊಟ್ಟೆ. ಏಳನೆಯದನ್ನು ಮುಟ್ಟಲಿಲ್ಲ. ಅದು ಪವಿತ್ರ. ಅಜ್ಜಿ, ಅಂದರೆ ಬಾಬಿ, ಬೇಲಿಯಾಚೆಯಿಂದ ಡೇಡಾನನ್ನು ಮೊದಲು ನೋಡಿದ್ದು ಆ ಇನ್ನಿಂಗ್ಸಿನಲ್ಲಿ. "ಅದಿಲ್ದಿದ್ರೆ ನಿಮ್ಮಮ್ಮನೂ ಇಲ್ಲ, ನೀನೂ ಇಲ್ಲ" — ಪ್ರತಿ ಕ್ರಿಸ್‌ಮಸ್‌ಗೂ ಇದೇ ಕಥೆ.

ಜೂನ್ 11

ಮಿಸೆಸ್ ಪೋಸ್ಪಿಶಿಲ್ ಹಾಳೆ ಓದಿದರು.

"ಓ, ಲೆಸ್ಟರ್. ಎಡಗೈಯವನು. ಎಸೆಯೋವಾಗ ಏನೋ ಗುನುಗ್ತಿದ್ದ."

"ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನು. ನನ್ನ ಮದುವೇಲಿ ಹನ್ನೊಂದು ಕೊಲಾಚ್ ಸಿಹಿ ಬನ್ನು ತಿಂದೋನಲ್ವಾ."

ಮುದುಕಿ ನನಗೇ ಟೋಪಿ ಹಾಕುತ್ತಿದ್ದಾಳೆ. ಸಾಷ್ಟಾಂಗ ನಮಸ್ಕಾರ.

ಜೂನ್ 15

ಲೆಸ್ಟರ್: ಆರು ಇನ್ನಿಂಗ್ಸ್, ಎರಡು ರನ್. ನಾನು ಬರೆದದ್ದಲ್ಲ. ಅಕ್ಷರ ಮಾತ್ರ ನನ್ನದೇ — ಬಾಲ ಮುರಿದ ಇಂಥ 6 ಬೇರೆ ಯಾರೂ ಬರೆಯರು. ಪಂದ್ಯದ ಹಾಳೆಯಲ್ಲೂ ನಾಲ್ಕು, ಐದು, ಆರು ಅವನ ಹೆಸರಿಗೆ. ಲೀಗಿನ ಲೆಕ್ಕ ಮೂರು ಸಲ ಕೂಡಿದೆ. 3.00. ಕೂದಲೆಳೆಯಷ್ಟೂ ಅಲುಗಿಲ್ಲ.

ಸಂಜೆ ಡೇಡಾ ತೋಳು ತಿರುಗಿಸಿ ತೋರಿಸಿದ. "ನೋಡೆ, ಭುಜ ನೋಯ್ತಾನೇ ಇಲ್ಲ. ಮೂವತ್ತೈದು ವರ್ಷದ ನೋವು."

"ಬಾಬಿ ನೋಡಿದ ಮ್ಯಾಚಲ್ಲಿ ಮೊದಲಿಂದ ನೀನೇ ಎಸೆದಿದ್ದು ಅಲ್ವಾ ಡೇಡಾ?"

"ಇಲ್ವಲ್ಲ. ಆರರವರೆಗೆ ಲೆಸ್ಟರ್. ಆಮೇಲೆ ನಾನು."

ಆ ಹೆಸರನ್ನು ನಾನು ಮನೆಯಲ್ಲಿ ಹೇಳಿಲ್ಲ.

ಜೂನ್ 16

ರಬ್ಬರ್ ಹಾಕಿ ಉಜ್ಜಿದೆ. ಹಾಳೆ ತೂತಾಯಿತು. ತೂತಿನಲ್ಲಿ ಕೆಳಗಿನ ಹಾಳೆ ಕಂಡಿತು. ಅಲ್ಲಿಯೂ ಕ್ವಿಲ್.

ಮಿಸೆಸ್ ಪೋಸ್ಪಿಶಿಲ್ ಹತ್ತಿರ ತಪ್ಪೊಪ್ಪಿಕೊಂಡೆ. ಅವನನ್ನು ಹುಟ್ಟಿಸಿದವಳು ನಾನೇ ಎಂದೆ. ಅವರು ನಗಲಿಲ್ಲ. "ಸತ್ತೋರ ವಿಷಯದಲ್ಲಿ ತಮಾಷೆ ಬೇಡ ಮಗು."

ಸ್ಕೋರ್ ಬರೆಯುವವರು ಶಾಯಿ ಮುಟ್ಟಬಾರದು — ಮೊದಲ ದಿನದ ಪಾಠ. ಮುಟ್ಟಿದೆ. ಏಳನೇ ಇನ್ನಿಂಗ್ಸಿನ ಮೇಲೆ ಒತ್ತಿ ಒತ್ತಿ ಬರೆದೆ: ಅನ್ಸೆಲ್ ಹ್ರುಸ್ಕಾ.

ಜೂನ್ 19. ಬೆಳಿಗ್ಗೆ 9.10

ಲೆಸ್ಟರ್ ಕ್ವಿಲ್, ಒಂಬತ್ತು ಇನ್ನಿಂಗ್ಸ್, ಮೂರು ರನ್. ಶಾಯಿಯಲ್ಲಿ. ನನ್ನ ಅಕ್ಷರ.

ಮನೆಗೆ ಓಡಿದೆ. ಡೇಡಾನ ಕುರ್ಚಿ ಇದ್ದ ಕಡೆ ಹೊಲಿಗೆ ಯಂತ್ರ. ಬಾಬಿ ಹಿಟ್ಟು ನಾದುತ್ತಿದ್ದಳು. ಏನೋ ಗುನುಗುತ್ತಿದ್ದಳು. ನನ್ನನ್ನು ಕಂಡು ನಕ್ಕಳು, ದಾರಿ ಕೇಳಲು ಬಂದವರಿಗೆ ನಗುವ ಹಾಗೆ.

"ಯಾರ ಮನೆ ಹುಡುಗಿಯಮ್ಮ ನೀನು?"

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ನನ್ನ ಹೆಸರು ಇನ್ನೂ ನೆನಪಿದೆ. ಮೊದಲು ಅದನ್ನು ಬರೆದಿಡಬೇಕು. ಲೀ