ತಂಗಿಯರೇ ಒಂದು ಹೆಚ್ಚು

ಬ್ಯಾಟರಿ ಅಂಗಡಿಯ ಹಿಂದಿನ ಕೋಣೆಯಿಂದ,
ಹನ್ನೊಂದನೇ ತಾರೀಖು, ಗುರುವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕ್ರೇನಿನ ಮೇಲಿಂದ ಇಳಿಯುವಾಗ ಉಳುಕಿದ ಕಾಲು ಪೂರ್ತಿ ಸರಿಹೋಯಿತೇ? ಬಂದರಿನ ಗಾಳಿಗೆ ಕೆಮ್ಮು ಹಿಡಿದಿದೆ ಎಂದು ಬರೆದಿದ್ದೆ. ಬಿಸಿನೀರು ಕುಡಿ, ಸಿಗರೇಟು ಸೇದಬೇಡ. ಸೇದುತ್ತೀಯ, ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಚೆನ್ನಾಗಿದ್ದಾರೆ, ನಿನ್ನ ಹೆಂಡತಿ ಅವರಿಗಿಂತಲೂ ಚೆನ್ನಾಗಿದ್ದಾಳೆ. ನಾನೊಬ್ಬಳು ಮಾತ್ರ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೇನೆ. ಮುಚ್ಚಿಟ್ಟು ಬರೆಯುವ ನಯ ನನಗೆ ಬಾರದು, ನೀನು ಮೆಣಸು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲವಲ್ಲ.

ನಿನಗೆ ಅಲ್ಲಿ ಮನೆ ಸಿಕ್ಕಿತು, ಈ ತಿಂಗಳ ಕೊನೆಗೆ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀಯ. ಓದಿ ನನಗಾದ ಸಂತೋಷ ನಿನ್ನ ಹೆಂಡತಿಗೂ ಆಗಿರಲಿಕ್ಕಿಲ್ಲ. ಬೇಗ ಬಾ. ಸಾಧ್ಯವಾದರೆ ಕೊನೆಯವರೆಗೂ ಕಾಯಬೇಡ, ಮುಂದಿನ ವಾರವೇ ಬಾ. ಯಾಕೆ ಇಷ್ಟು ಅವಸರ ಎಂದು ಕೇಳುತ್ತೀಯ, ಹೇಳುತ್ತೇನೆ, ಕೇಳು.

ಅಪ್ಪನ ಕೆಲಸದ ಮೇಜು ನಿನಗೆ ನೆನಪಿರಬೇಕು. ನೀನು ಹೋದಮೇಲೆ ಅದರ ಪಕ್ಕದ ಸ್ಟೂಲು ಖಾಲಿ ಬಿದ್ದಿತ್ತು. ನಾನು ಇಷ್ಟು ವರ್ಷ ಈ ಅಂಗಡಿಯಲ್ಲಿ ಗಿರಾಕಿಗಳ ಬಾಯಿಗೆ ಬಾಯಿ ಕೊಟ್ಟಿದ್ದೇನೆ, ಚಾರ್ಜಿಗೆ ಹಾಕಿದ್ದೇನೆ, ಆಸಿಡ್ಡಿಗೆ ಎಷ್ಟು ಸೀರೆ ತೂತು ಮಾಡಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೂ ಆ ಸ್ಟೂಲಿನ ಮೇಲೆ ಕೂರಲಿಲ್ಲ. ಅಪ್ಪ ಕರೆಯಲಿ ಎಂದು ಕಾದೆ. ಅವರ ಬಾಯಲ್ಲಿ ಒಂದೇ ಮಾತು: “ಸೀಸದ ಸಹವಾಸ ನಿಂಗ್ಯಾಕಮ್ಮ?” ನಿನ್ನ ಹೆಂಡತಿ ಈ ಮನೆಗೆ ಬಂದು ವರ್ಷ ತುಂಬಿರಲಿಲ್ಲ, ಒಂದು ಬೆಳಿಗ್ಗೆ ತಿಂಡಿ ತಿಂದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ಹೋಗಿ ಕೂತೇಬಿಟ್ಟಳು. ಕೇಳಲಿಲ್ಲ ಕಾಯಲಿಲ್ಲ. ಅಪ್ಪ ಒಂದು ಮಾತು, ಒಂದೇ ಒಂದು ಮಾತು ಬೇಡ ಎನ್ನಬೇಕಲ್ಲ? “ಆ ಪ್ಲೇಟು ಕೊಡಮ್ಮ” ಎಂದರು! ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಕೆಲಸ ಕಲಿಯಲಿಲ್ಲ ಎಂದಾದರೂ ಹೇಳೋಣವೆಂದರೆ ಅದಕ್ಕೂ ಬಾಯಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡುತ್ತಾಳೆ. ನಾವು ಚಿಕ್ಕವರಿದ್ದಾಗ ಅಪ್ಪ ನಮ್ಮನ್ನು ಎರಡು ಮೊಣಕಾಲಿನ ಹತ್ತಿರ ನಿಲ್ಲಿಸಿಕೊಂಡು ಹೇಳಿಕೊಟ್ಟದ್ದು ನೆನಪಿದೆಯೇ? ಕಂದು ಬಣ್ಣದ ಪ್ಲೇಟು ಅಣ್ಣ, ಬೂದು ಬಣ್ಣದ್ದು ತಂಗಿ. ಐದು ಅಣ್ಣಂದಿರ ತಲೆಗೆ ಒಂದು ಸೀಸದ ಪಟ್ಟಿ ಬೆಸೆದರೆ ಬಾಚಣಿಗೆಯಂತಾಗುತ್ತದೆ, ಆರು ತಂಗಿಯರಿಗೆ ಇನ್ನೊಂದು. ಎರಡು ಬಾಚಣಿಗೆಗಳನ್ನು ಒಂದರೊಳಗೊಂದು ತೂರಿಸಿ, ಪ್ರತಿ ಇಬ್ಬರ ನಡುವೆ ತೆಳುವಾದ ತಡಿಕೆ ಇಟ್ಟರೆ ಬ್ಯಾಟರಿಯ ಒಂದು ಮನೆ. ತಡಿಕೆಯ ಉಬ್ಬು ಗೆರೆಗಳಿರುವ ಮುಖ ಅಣ್ಣನ ಕಡೆಗೇ ಇರಬೇಕು. ತಡಿಕೆ ಇಲ್ಲದೆ ಅಣ್ಣತಂಗಿ ಮುಟ್ಟಿಕೊಂಡರೋ, ಜಗಳವಾಡಿ ಮನೆಯೇ ಸತ್ತುಹೋಗುತ್ತದೆ. ತಂಗಿಯರು ಯಾಕೆ ಒಂದು ಹೆಚ್ಚು ಎಂದು ನೀನು ಮುಖ ಊದಿಸಿಕೊಂಡಿದ್ದೆ. ಅಪ್ಪ ನಕ್ಕು, “ಅಣ್ಣಂಗೆ ಒಂದೇ ಕಡೆ ಕೆಲಸ ಕೊಟ್ರೆ ಸೊಟ್ಟಗಾಗ್ತಾನೆ ಕಣೋ, ಅದಕ್ಕೇ ಎರಡು ಪಕ್ಕಕ್ಕೂ ತಂಗೀರು ಬೇಕು” ಅಂದಿದ್ದರು. ಅವತ್ತೆಲ್ಲ ನಾನು ಬೀದಿ ತುಂಬ ಮೆರೆದಿದ್ದೆ.

ಒಂದು ಮನೆಯಿಂದ ಎರಡೇ ವೋಲ್ಟು. ಹನ್ನೆರಡು ಬೇಕಾದರೆ ಪೆಟ್ಟಿಗೆಯಲ್ಲಿ ಆರು ಮನೆ ಸಾಲಾಗಿ ಕೂರಬೇಕು, ಅದೂ ಒಂದು ಬಿಟ್ಟು ಒಂದು ಹಿಂದುಮುಂದಾಗಿ. ಆಗಲೇ ಈ ಮನೆಯ ತಂಗಿಯನ್ನು ಪಕ್ಕದ ಮನೆಯ ಅಣ್ಣನಿಗೆ ಬೆಸೆಯಲು ಬರುವುದು. ಅದಕ್ಕೇ ಅಪ್ಪ ಮನೆಗಳನ್ನು ಇಳಿಸುವಾಗ ಪೆಟ್ಟಿಗೆಯ ಈಚಿನ ಅಂಚಿನ ಮೇಲೆ ಬೆರಳಿಟ್ಟು, ಆ ಕಡೆಗೆ ಯಾರ ಪಟ್ಟಿ ಬರಬೇಕೆಂದು ಹೇಳಿಕೊಳ್ಳುತ್ತಾರೆ, ಅಣ್ಣ, ತಂಗಿ, ಅಣ್ಣ, ತಂಗಿ ಅಂತ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಈಗ ಏನು ಹೇಳುತ್ತಾರೆ ಗೊತ್ತೇ? ಮಗ, ಸೊಸೆ, ಮಗ, ಸೊಸೆ! ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಆಲಿಕೆ ಬಿಟ್ಟು ಬಚ್ಚಲಿಗೆ ಹೋಗಿ ಅತ್ತೆ ಕಣೋ. ಬ್ಯಾಟರಿಯೊಳಗೂ ನನಗೆ ಜಾಗವಿಲ್ಲದೆ ಹೋಯಿತಲ್ಲ ಅಂತ. ನಗಬೇಡ.

ಹೋದ ವಾರ ಶಾಲೆಯ ಬಸ್ಸಿನ ಡ್ರೈವರು ಬ್ಯಾಟರಿ ಕಟ್ಟಿಸಲು ಬಂದ. ನಿನ್ನ ಹೆಂಡತಿ ಮುಂಗಡೆ ಅವನ ಹತ್ತಿರ ಮಾತಾಡುತ್ತಿದ್ದಳು. ಮೇಜಿನ ಹತ್ತಿರ ಅಪ್ಪ, ಪಕ್ಕದಲ್ಲಿ ನಾನು. ಅಪ್ಪ ಮನೆಗಳನ್ನು ಇಳಿಸುತ್ತ ಶುರು ಮಾಡಿದರು: ಅಣ್ಣ, ತಂಗಿ, ಮಗ, ಸೊಸೆ... ಅಲ್ಲಿ ಒಂದು ಕ್ಷಣ ತಡೆದು ನನ್ನ ಕಡೆ ತಿರುಗಿ, “ತಂಗಿ” ಅಂದರು. ದೇವರಾಣೆ, ನನಗೆ ಕಣ್ಣು ತುಂಬಿಬಂತು. ನೆನಪಿದೆಯಲ್ಲ ಇವರಿಗೆ ನನ್ನದು, ಎಂಬ ಸಡಗರದಲ್ಲಿ ಇಬ್ಬರೂ ಬೂದು ಬಣ್ಣದವರೇ, ಸೊಸೆಯ ಪಕ್ಕ ತಂಗಿ ಬರುವಂತಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಐದನೆಯ ಮನೆ ಬೆನ್ನು ತಿರುಗಿಸಿ ಕೂತಿತು. ಕೊನೆಯ ಮನೆ ಸರಿಯಾಗಿಯೇ ಕೂತಿತು. ಬೆಸೆದು, ಮುಚ್ಚಿ, ಆಸಿಡ್ಡು ತುಂಬಿ ಮೀಟರು ಇಟ್ಟರೆ ಹನ್ನೆರಡೂವರೆ ತೋರಿಸಬೇಕಾದ್ದು ಎಂಟು ಚಿಲ್ಲರೆ ತೋರಿಸಿತು. ತಿರುಗಿ ಕೂತ ಮನೆ ತನ್ನ ಪಾಲಿನ ಎರಡನ್ನು ಕೊಡುವುದಿಲ್ಲ, ಸಾಲದ್ದಕ್ಕೆ ಪಕ್ಕದವರದೂ ಎರಡು ತಿಂದುಹಾಕುತ್ತದೆ. ಡ್ರೈವರು ಮಕ್ಕಳನ್ನು ಬಿಡುವ ಹೊತ್ತಾಯಿತೆಂದು ಕೂಗಾಡಿದ. ಇಷ್ಟು ವರ್ಷದಲ್ಲಿ ಅಪ್ಪನ ಕೈಯಲ್ಲಿ ಹೀಗೆ ಆದದ್ದುಂಟೇ? ಅವರ ಮುಖ ಇಷ್ಟು ಚಿಕ್ಕದಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಹೆಂಡತಿ ಮುಂದೆ ಬಂದು, “ನಾನೇ ತಿರುಗಿಸಿ ಇಟ್ಬಿಟ್ಟೆ ಮಾವ, ತಪ್ಪಾಯ್ತು” ಅಂದಳು. ಅವಳು ಮೇಜಿನ ಹತ್ತಿರವೂ ಇರಲಿಲ್ಲ! ಡ್ರೈವರು ಅವಳಿಗೆ ಬೈದ, ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಬೈಸಿಕೊಳ್ಳುವ ಭಾಗ್ಯವನ್ನೂ ನನ್ನ ಕೈಯಿಂದ ಕಿತ್ತುಕೊಂಡಳಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. ಮೊದಲು ಜಾರಿಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತಮೇಲೆ ಹೇಳಿದಳು: “ಮಾವಂಗೆ ಬಣ್ಣ ಗೊತ್ತಾಗಲ್ಲ.” ಕಂದೂ ಬೂದೂ ಅಪ್ಪನಿಗೆ ಒಂದೇ ಆಗಿ ಎಷ್ಟೋ ಕಾಲವಾಯಿತಂತೆ, ಅಣ್ಣಾ. ಕಣ್ಣಿಗೆ ಪೊರೆ ಬಂದಿದೆ. ಪ್ಲೇಟಿನ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಾರೆ, ಮೆತ್ತಗಿದ್ದರೆ ತಂಗಿ, ಗಟ್ಟಿಯಿದ್ದರೆ ಅಣ್ಣ. ಅವರ ಉಗುರು ಕಪ್ಪಾಗಿರುವುದನ್ನು ನಾನು ದಿನಾ ನೋಡಿದ್ದೇನೆ, ಸೋಪು ಹಾಕಿ ತೊಳೆಯಿರಿ ಎಂದು ಗದರಿದ್ದೇನೆ. ಅವಳು ನೋಡಿದಳು, ಹೋಗಿ ಸ್ಟೂಲಿನ ಮೇಲೆ ಕೂತಳು, ಒಂದೊಂದೇ ಪ್ಲೇಟನ್ನು ಸರದಿಯಂತೆ ಕೈಗೆ ಕೊಡತೊಡಗಿದಳು. “ಯಾರಿಗೂ ಹೇಳ್ಬೇಡ, ಅದರಲ್ಲೂ ಅವಳಿಗೆ ಬೇಡವೇ ಬೇಡ, ಅತ್ತುಬಿಡ್ತಾಳೆ” ಅಂದಿದ್ದರಂತೆ ಅಪ್ಪ. ಅವಳು ಅಂದರೆ ನಾನು. ನನ್ನ ಅಪ್ಪನ ಕಣ್ಣಿನ ವಿಷಯ ನನಗೆ ತಿಳಿಯಬಾರದು, ಅವಳಿಗೆ ತಿಳಿಯಬಹುದು! ಅಳು ಬಂದದ್ದು ನಿಜ. ಅಪ್ಪನಿಗೋಸ್ಕರ ಎಷ್ಟು ಅತ್ತೆ, ಹೊಟ್ಟೆಕಿಚ್ಚಿಗೆ ಎಷ್ಟು ಅತ್ತೆ ಎಂದು ಕೇಳಬೇಡ.

ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಂಡತಿಯನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು. ಅವಳು ಒಳ್ಳೆಯವಳೇ, ನಾನು ಇಲ್ಲ ಎನ್ನುವುದಿಲ್ಲ, ಅದೇ ತಾನೇ ನನ್ನ ಕಷ್ಟ. ಕೆಟ್ಟವಳಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಅಪ್ಪನ ಕೈಗೆ ಪ್ಲೇಟು ಕೊಡಲು ನನಗೂ ಎರಡು ಕೈಯಿವೆ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಎರಡು ಕಾಲಿವೆ. ಆ ಸ್ಟೂಲು ನನಗೆ ಬೇಕು, ಅಣ್ಣಾ.

ಮೈ ಕಡೆ ನೋಡಿಕೋ. ರಾತ್ರಿ ಪಾಳಿಯಲ್ಲಿ ಊಟ ತಪ್ಪಿಸಬೇಡ. ಅಪ್ಪನ ಆಶೀರ್ವಾದ ಯಾವಾಗಲೂ ಇದ್ದೇ ಇದೆ, ನನ್ನದೂ ಸ್ವಲ್ಪ ಸೇರಿಸಿಕೋ, ಚಿಕ್ಕವಳಾದರೇನಂತೆ.

ನಿನ್ನ ತಂಗಿ,
ಮೆಣಸು

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅತ್ತಿಗೆ ಒಳಗೆ ಬಂದಳು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಅವಳಿಗೆ ನಿನ್ನ ಜೊತೆ ಬರಲು ಇಷ್ಟವಿಲ್ಲವಂತೆ. ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಈ ಕೆಲಸ ಬಿಟ್ಟು ಅವಳಿಂದ ಇರಲಾಗದು. ನೀನೇ ಬಂದು ಇಲ್ಲಿರಬಾರದೇ ಎನ್ನುತ್ತಾಳೆ. ಇದನ್ನು ನಿನಗೆ ಬರೆಯಲು ಅವಳಿಗೆ ಧೈರ್ಯವಿಲ್ಲ, ಅಪ್ಪನಿಗೆ ಹೇಳಿದರೆ ಅವರೇ ಗಂಟುಮೂಟೆ ಕಟ್ಟಿ ಕಳಿಸುತ್ತಾರೆ. ನನ್ನ ಕೈ ಹಿಡಿದುಕೊಂಡು, “ನೀವೇ ಹೇಗಾದ್ರೂ ಹೇಳ್ರಿ, ನಿಮ್ಮನ್ನ ಬಿಟ್ರೆ ನಂಗಿಲ್ಲಿ ಯಾರಿದಾರೆ?” ಅಂದಳು. ಮೇಲೆ ಬರೆದದ್ದನ್ನೆಲ್ಲ ಹರಿದುಹಾಕಲು ಹೊತ್ತಿಲ್ಲ, ಅಂಚೆಯವನು ಬಾಗಿಲಲ್ಲಿದ್ದಾನೆ. ನೀನು ಟಿಕೆಟ್ಟು ತೆಗೆಸಬೇಡ. ಈ ಮಾತನ್ನು ಅವಳು ಗಂಡನಿಗಿಂತ ಮೊದಲು, ಮಾವನಿಗಿಂತ ಮೊದಲು ನನಗೆ ಹೇಳಿದಳು ಕಣೋ. ಇನ್ನು ಹೊಟ್ಟೆಕಿಚ್ಚು ಪಡುವುದಿದ್ದರೆ ನೀನು ಪಡು.