ಎಡೆಗೆ ಬಿದ್ದ ಮೆಂತ್ಯಸೊಪ್ಪು

ಬಬ್ಬೂರು
೨೪-೯-೨೦೨೫

ಪ್ರೀತಿಯ ಅತ್ತೆಮ್ಮನವರಿಗೆ ನಿಮ್ಮ ಸೊಸೆ ದೇವಿಕಾ ಮಾಡುವ ನಮಸ್ಕಾರ.

ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ ಸುಮ್ಮನೆ "ಹೂಂ, ಹೂಂ" ಅನ್ನುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾದಿನಿಯ ಕೈಲಿ ಓದಿಸಬೇಡಿ, ಕನ್ನಡಕ ಹಾಕಿಕೊಂಡು ನೀವೇ ಓದಿ. ಮಾಡದಕೆರೆಗೆ ಮಗಳ ಮನೆಗೆ ಹೊರಟವರು ಬಿಪಿ ಮಾತ್ರೆ ಇಲ್ಲೇ ಬಿಟ್ಟು ಹೋಗಿದ್ದೀರಿ, ಅಷ್ಟು ಸಿಟ್ಟಿತ್ತು ನನ್ನ ಮೇಲೆ. ಈ ಕಾಗದದ ಜೊತೆಗೇ ಮಾತ್ರೆಯನ್ನೂ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ.

ಸಿಟ್ಟು ಬರಬೇಕಾದದ್ದೇ. ಅಮಾವಾಸ್ಯೆಯ ಎಡೆಗೆ ಸತ್ತವರು ಇಷ್ಟಪಟ್ಟು ಉಣ್ಣುತ್ತಿದ್ದದ್ದನ್ನೇ ಮಾಡಿಡಬೇಕು. ನಿಮ್ಮ ಮಗನಿಗೆ ಮೆಂತ್ಯಸೊಪ್ಪಿನ ವಾಸನೆಯೇ ಆಗಿಬರುತ್ತಿರಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರು ಇರುವ ತನಕ ಆ ಸೊಪ್ಪು ನಮ್ಮ ಹೊಸ್ತಿಲು ದಾಟಿರಲಿಲ್ಲ. ಅಂಥದ್ದರಲ್ಲಿ ಅವರ ಫೋಟೋ ಮುಂದೆ ಇಡುವ ಕೋಳಿಸಾರಿಗೇ ಹಿಡಿಗಟ್ಟಲೆ ಹಾಕಿಬಿಟ್ಟಿದ್ದೆ! ಬೇಕಂತ ಮಾಡಲಿಲ್ಲ, ಮಗಳಾಣೆಗೂ ಇಲ್ಲ. ಈಚೆಗೆ ನನಗೆ ಬೇಕಾದ ಹಾಗೆ ಅಡುಗೆ ಮಾಡಿ ಮಾಡಿ ಕೈಗೆ ಅದೇ ರೂಢಿಯಾಗಿದೆ. ಧೂಪ ಹಾಕಲು ಬಗ್ಗಿದವರು ವಾಸನೆ ಹಿಡಿದು ಹಾಗೇ ನಿಂತಿರಿ. "ನನ್ ಮಗ ಮೂಸಿ ನೋಡದ್ದನ್ನ ಎಡೆಗಿಕ್ಕೀಯಲ್ಲೇ! ಅವ್ನು ಹೋಗಿದ್ದೇ ಒಳ್ಳೇದಾತೇನೇ ನಿಂಗೆ?" ಅಂದಿರಿ. ನಾನು ಸಾರಿನ ಬಟ್ಟಲು ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ.

ಅತ್ತೆಮ್ಮ, ನಿಮ್ಮ ಮಗ ಕೆಟ್ಟವರಾಗಿರಲಿಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ. ಹಬ್ಬಕ್ಕೆ ಸೀರೆಯನ್ನೂ ಅವರೇ ತರುತ್ತಿದ್ದರು, ಯಾವ ಬಣ್ಣ ಬೇಕು ಅಂತ ಮಾತ್ರ ಕೇಳುತ್ತಿರಲಿಲ್ಲ. ಯಾರು ಏನು ಕೇಳಿದರೂ "ಅವ್ರನ್ನೇ ಕೇಳ್ರಿ" ಅನ್ನುವುದೊಂದೇ ನನಗೆ ಗೊತ್ತಿದ್ದ ಮಾತು. ಅವರು ಕೆಟ್ಟವರಾಗಿದ್ದರೆ ಈಗ ಇಷ್ಟು ಸಂಕಟ ಇರುತ್ತಿರಲಿಲ್ಲ.

ಜವನಗೊಂಡನಹಳ್ಳಿ ಹತ್ತಿರ ನಿಂತ ಲಾರಿಗೆ ಅವರ ಗೂಡ್ಸ್ ಗಾಡಿ ಗುದ್ದಿ ಅವರು ಹೋದ ಮೇಲೆ ನಾನು ಹೇಗಿದ್ದೆ ಅಂತ ನಿಮಗೇ ಗೊತ್ತು. ಹಾರ್ನ್ ಕೇಳಿದರೆ ಇದ್ದಲ್ಲೇ ಕುಸಿಯುತ್ತಿದ್ದೆ. ಹೆತ್ತ ಮಗನನ್ನು ಕಳಕೊಂಡ ನೀವೇ ನನಗೆ ತುತ್ತು ಮಾಡಿ ಉಣಿಸಿದಿರಿ. ರಿಪೇರಿಯಾಗಿ ಬಂದ ಗಾಡಿಯನ್ನು ಮಾರೋಣವೆಂದು ತೊಳೆಯಲು ಹೋದವಳು ಸ್ಟೇರಿಂಗ್ ಹಿಡಿದು ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, ಇದನ್ನು ನಾನೇ ಓಡಿಸುತ್ತೇನೆ ಅಂದೆ. "ಹುಚ್ಚುಗಿಚ್ಚು ಹಿಡೀತೇನೇ?" ಅಂತ ಬೈದವರೂ ನೀವೇ, ನಾನು ಕಲಿಯುವಾಗ ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ಕೂತವರೂ ನೀವೇ.

ಈಗ ಹೂವಿನ ಮೂಟೆ ಹೇರಿಕೊಂಡು ದುರ್ಗದ ಮಾರುಕಟ್ಟೆಗೆ ಹೋಗುತ್ತೇನೆ. ಹೂವಿನ ಮಂಡಿಯ ಬೋರಪ್ಪ "ಬರ್ರಿ ಡ್ರೈವರಮ್ಮ, ಕುಂತ್ಕಳ್ರಿ" ಅಂತ ಟೀ ತರಿಸುತ್ತಾನೆ. ನಾನೂ ನಾಲ್ಕು ಜನರ ಮಧ್ಯೆ ಕೂತು ಕುಡಿಯುತ್ತೇನೆ. ನಿಮಗೆ ಹೇಳದ ಒಂದು ಮಾತಿದೆ. ವಾಪಸು ಬರುವಾಗ ಗಾಡಿಯಲ್ಲಿ ಜೋರಾಗಿ ಹಾಡುತ್ತೇನೆ. ಹಾಡುತ್ತಿರುವಾಗಲೇ ಥೂ, ನಾನೆಂಥ ಹೆಂಗಸು ಅನಿಸುತ್ತದೆ. ಮನೆ ತಿರುವು ಬಂದ ಕೂಡಲೇ ನಿಲ್ಲಿಸಿ, ಮುಖ ಸಪ್ಪಗೆ ಮಾಡಿಕೊಂಡು ಇಳಿಯುತ್ತೇನೆ. ನಿಮ್ಮೆದುರು ನಗುವುದಕ್ಕೆ ಹೆದರಿಕೆ ನನಗೆ. ನೀವು ಮಗನಿಲ್ಲದೆ ಸೊರಗುತ್ತಿರುವ ಮನೆಯಲ್ಲಿ ನಾನು ಚಿಗುರಿಕೊಂಡೆನಲ್ಲ, ಅದೇ ತಪ್ಪು ನನ್ನ ಎದೆ ಹಿಂಡುತ್ತದೆ.

ಬರುವ ಬುಧವಾರ ಆಯುಧಪೂಜೆ. ಗಾಡಿಗೆ ಕುಂಬಳಕಾಯಿ ಒಡೆಯಲು ನೀವೇ ಬರಬೇಕು. ಗಂಡನಿಲ್ಲದ ಇಬ್ಬರು ಸೇರಿ ಪೂಜೆ ಮಾಡುತ್ತಾರೆ ಅಂತ ಊರವರು ಆಡಿಕೊಂಡರೆ ಆಡಿಕೊಳ್ಳಲಿ. ಬಂದು ಬೈಯಿರಿ, ಬೇಕಾದರೆ ಎರಡು ಬಾರಿಸಿ. ನೀವಿಲ್ಲದ ಮನೆಯಲ್ಲಿ ನನಗೆ ಅನ್ನ ಸೇರುತ್ತಿಲ್ಲ. ಮಗಳು ಶಾಲೆಯಿಂದ ಬಂದವಳೇ "ಅಜ್ಜಿ ಬಂತಾ?" ಅಂತ ಕೇಳುತ್ತಾಳೆ.

ನಿಮ್ಮ ದಾರಿ ಕಾಯುವ ಸೊಸೆ,
ದೇವಿಕಾ

ತಾ.ಕ.: ಇಷ್ಟುದ್ದ ಬರೆದೂ ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ತಪ್ಪಿಸಿಕೊಂಡೆ. ಅವರು ಹೋಗಿದ್ದು ಒಳ್ಳೆಯದಾಗಲಿಲ್ಲ ಅತ್ತೆಮ್ಮ. ಈಗ ಎದ್ದು ಬಂದರೆ ಓಡಿಹೋಗಿ ಬಾಗಿಲು ತೆಗೆಯುತ್ತೇನೆ, ಕಾಲು ಹಿಡಿದುಕೊಂಡು ಅಳುತ್ತೇನೆ, ಬಿಸಿನೀರು ಕಾಯಿಸಿ ಸ್ನಾನಕ್ಕೆ ಇಡುತ್ತೇನೆ. ಗಾಡಿಯ ಕೀ ಮಾತ್ರ ಕೊಡುವುದಿಲ್ಲ.